ಐದು ಬಾವಿಯ ಗಂಟು

ದಾಕ್ಷಾಯಣಿ ಬಡಿಗೇರ ಕಟ್ಟಿದ ಗಂಟು ದಾರಿಯಲ್ಲಿ ಬಿಚ್ಚಿಕೊಳ್ಳುವುದಿಲ್ಲ ಎಂಬ ಮಾತು ವಿಜಯಪುರದ ಗಂಟಿನ ಕಚೇರಿಯಲ್ಲಿ ಗಾದೆಯಂತೆ ಓಡಾಡುತ್ತಿತ್ತು. ಅದನ್ನು ಎಲ್ಲರಿಗಿಂತ ಹೆಚ್ಚು ಸಲ ಹೇಳುತ್ತಿದ್ದವಳು ದಾಕ್ಷಾಯಣಿಯೇ ಎಂಬುದು ಬೇರೆ ಮಾತು.

ಕಚೇರಿಯ ಬೋರ್ಡಿನ ಮೇಲೆ ಇದ್ದ ಹೆಸರು ಉದ್ದ: ಅತಿಥಿ ಯಂತ್ರಗಳ ಸಲಕರಣೆ ಪೂರೈಕೆ ಕೇಂದ್ರ. ಅಷ್ಟು ಹೇಳುವಷ್ಟರಲ್ಲಿ ಬಸ್ಸು ಹೋಗಿಬಿಡುತ್ತದೆ ಎಂದು ಜನ ಗಂಟಿನ ಆಫೀಸು ಎಂದು ಕರೆಯುತ್ತಿದ್ದರು. ಮೂವತ್ತು ವರ್ಷದ ಹಿಂದೆ ದೊಡ್ಡ ಹುಳವೊಂದು ತಂತಿಯಿಂದ ತಂತಿಗೆ ಹರಿದು ಜಗತ್ತಿನ ಯಂತ್ರಗಳನ್ನೆಲ್ಲ ಹನ್ನೆರಡು ದಿನ ಮಲಗಿಸಿದ ಕಥೆ ಈಗಿನ ಮಕ್ಕಳಿಗೆ ಪಾಠದಲ್ಲಿ ಬರುತ್ತದೆ. ಆ ಹನ್ನೆರಡು ದಿನ ನಲ್ಲಿಯಲ್ಲಿ ನೀರು ಬರಲಿಲ್ಲ, ಆಸ್ಪತ್ರೆಯಲ್ಲಿ ದೀಪ ಹತ್ತಲಿಲ್ಲ. ಆಮೇಲೆ ಕಾನೂನು ಬಂತು. ನೀರು, ಬೆಳಕು, ಔಷಧದಂಥ ಕೆಲಸ ನೋಡಿಕೊಳ್ಳುವ ಯಾವ ಯಂತ್ರವೂ ಹೊರಗಿನ ಜಾಲವನ್ನು ಮುಟ್ಟಕೂಡದು. ಒಂದು ದೊಡ್ಡ ಕಬ್ಬಿಣದ ಯಂತ್ರ, ಅದರ ಹೊಟ್ಟೆಯೊಳಗೆ ಬರೀ ಲೆಕ್ಕಾಚಾರದಿಂದಲೇ ಕಟ್ಟಿದ ನೂರಾರು ಸಣ್ಣ ಯಂತ್ರಗಳು. ದೊಡ್ಡದು ಯಜಮಾನ, ಸಣ್ಣವು ಅತಿಥಿಗಳು. ಒಂದೊಂದು ಅತಿಥಿಗೂ ಒಂದೊಂದು ಮುಚ್ಚಿದ ಕೋಣೆ. ಪಕ್ಕದ ಕೋಣೆಯಲ್ಲಿ ಯಾರಿದ್ದಾರೆಂದು ಅದಕ್ಕೆ ಗೊತ್ತಿಲ್ಲ, ತನ್ನ ಕೋಣೆಯ ಹೊರಗೊಂದು ಜಗತ್ತು ಇದೆ ಎಂಬುದೂ ಗೊತ್ತಿಲ್ಲ.

ಆ ಕೋಣೆಯಲ್ಲಿ ಬಣ್ಣ, ಚಿತ್ರ, ಒತ್ತುವ ಗುಂಡಿ ಏನೂ ಇರುವುದಿಲ್ಲ. ಒಂದು ಸಾಲಿನ ಆಜ್ಞೆ ಬರೆದರೆ ಒಂದು ಕೆಲಸ ಮಾಡಿ, ಒಂದು ಸಾಲಿನ ಉತ್ತರ ಕೊಟ್ಟು ಸುಮ್ಮನಾಗುವ ಸಣ್ಣ ಸಣ್ಣ ಟೂಲ್‌ಗಳಷ್ಟೇ. ಅಂಥ ಟೂಲನ್ನು ಒಳಗೆ ಕಳಿಸಬೇಕಾದರೆ ಅದಕ್ಕೆ ಬೇಕಾದ ಪ್ರತಿಯೊಂದನ್ನೂ ಜೊತೆಗೆ ಕಟ್ಟಬೇಕು. ಗಣಿತದ ಸೂತ್ರ, ಪಂಚಾಂಗ, ಗಡಿಯಾರದ ಲೆಕ್ಕ, ಅಕ್ಷರಗಳ ರೂಪ ಎಲ್ಲವನ್ನೂ. ಒಂದು ಮರೆತರೂ ಒಳಗೆ ಹೋಗಿ ಬೇಡಲು ಅಂಗಡಿಯಿಲ್ಲ, ನೆರೆಮನೆಯಿಲ್ಲ. ಹೀಗೆ ಕಟ್ಟಿದ್ದೇ ಗಂಟು. ಅದನ್ನು ಬೆರಳುದ್ದದ ಚಿಪ್ಪಿನಲ್ಲಿ ತುಂಬಿ, ಅರಗಿನ ಮುದ್ರೆ ಒತ್ತಿ, ಬಸ್ಸಿನ ಕಂಡಕ್ಟರ್ ಕೈಯಲ್ಲಿ ತಾಲೂಕಿಗೆ ಕಳಿಸುವುದು ರೂಢಿ. ದಾಕ್ಷಾಯಣಿ ಇಪ್ಪತ್ತೇಳು ವರ್ಷದಿಂದ ಗಂಟು ಕಟ್ಟುತ್ತಿದ್ದಳು. ಈಗ ಅವಳಿಗೆ ಐವತ್ತೊಂದು.

ಅವಳು ಕಟ್ಟಿದ ಮೊಟ್ಟಮೊದಲ ಗಂಟು ಹಿರೇಬಾವಡಿಯದು. ಆ ಊರಿನಲ್ಲಿ ಬಾದಶಹರ ಕಾಲದ ಐದು ಮೆಟ್ಟಿಲು ಬಾವಿಗಳಿವೆ. ಐದಕ್ಕೂ ನೆಲದೊಳಗೇ ನಂಟು. ಒಂದರಿಂದ ಹೆಚ್ಚು ಎತ್ತಿದರೆ ಮೊದಲು ಅದಕ್ಕೆ, ಆಮೇಲೆ ಉಳಿದವಕ್ಕೆ ತಳದ ಉಪ್ಪುಪ್ಪು ಸವಳು ನೀರು ಏರುತ್ತದೆ. ಯಾವ ಬಾವಿಯಿಂದ ಎಷ್ಟು ಹೊತ್ತು ನೀರೆತ್ತಬೇಕು ಎಂದು ದಿನಾ ಬೆಳಿಗ್ಗೆ ತೀರ್ಮಾನಿಸುವ ಟೂಲನ್ನು ಇಪ್ಪತ್ನಾಲ್ಕರ ದಾಕ್ಷಾಯಣಿ ತಾನೇ ಬರೆದು, ತಾನೇ ಕಟ್ಟಿ, ತಾನೇ ಒಯ್ದು ಬಿಟ್ಟು ಬಂದಿದ್ದಳು. ಅದಕ್ಕೆ ‘ಐದುಬಾವಿ’ ಎಂದೇ ಹೆಸರಿಟ್ಟಿದ್ದಳು. ಇಪ್ಪತ್ತೇಳು ವರ್ಷದಲ್ಲಿ ಒಂದು ದಿನವೂ ಅದರ ಮೇಲೆ ದೂರು ಬಂದಿರಲಿಲ್ಲ. ಹಿರೇಬಾವಡಿಯ ನೀರಿನಲ್ಲಿ ಬೇಳೆ ಎರಡು ಕುದಿಗೆ ಬೇಯುತ್ತದೆ ಎಂದು ಸುತ್ತಲ ಊರಿನವರು ಕೊಡ ಹಿಡಿದು ಬರುತ್ತಿದ್ದರು. ಹಾಗೆ ಯಾರಾದರೂ ಹೊಗಳಿದರೆ ದಾಕ್ಷಾಯಣಿಗೆ ತನ್ನ ಮಗಳನ್ನೇ ಹೊಗಳಿದಷ್ಟು ಹಿಗ್ಗು.

ಈಗ ಹಿರೇಬಾವಡಿಯ ಪುರಸಭೆಯಲ್ಲಿದ್ದ ಹಳೆಯ ಯಜಮಾನ ಯಂತ್ರಕ್ಕೆ ವಯಸ್ಸಾಗಿತ್ತು. ಅದರೊಳಗಿನ ಅತಿಥಿಗಳನ್ನೆಲ್ಲ ವಿಜಯಪುರದ ಹೊಸ ಯಜಮಾನನಿಗೆ ಸಾಗಿಸುವ ಹುಕುಂ ಬಂತು. ಬಾವಿಗಳ ವಾಲ್ವಿಗೆ ವಿಜಯಪುರದಿಂದ ನೇರ ತಂತಿ ಎಳೆದಾಗಿತ್ತು. ಉಳಿದದ್ದು ಐದುಬಾವಿಯ ಗಂಟನ್ನು ಹೊಸ ಪದ್ಧತಿಯಲ್ಲಿ ಮತ್ತೊಮ್ಮೆ ಕಟ್ಟಿ ಹೊಸ ಕೋಣೆಗೆ ಬಿಡುವುದು. ಅರ್ಧ ದಿನದ ಕೆಲಸ ಎಂದಳು ದಾಕ್ಷಾಯಣಿ. ಸೋಮವಾರ ಬೆಳಿಗ್ಗೆ ಕೂತವಳು ಮಂಗಳವಾರ ಸಂಜೆಯಾದರೂ ಎದ್ದಿರಲಿಲ್ಲ.

ಗಂಟು ಒಳಗೆ ಹೋಗುತ್ತಿತ್ತು, ಬಿಚ್ಚಿಕೊಳ್ಳುತ್ತಿತ್ತು, ಟೂಲು ಏಳುತ್ತಿತ್ತು. ಎದ್ದದ್ದು ಸುಮ್ಮನೆ ಕೂಡುತ್ತಿತ್ತು. ಏನಾದರೂ ಕಡಿಮೆ ಬಿದ್ದರೆ ಟೂಲು ಕೂಗುತ್ತದೆ, ಇದು ಸಿಗಲಿಲ್ಲ ಅದು ಸಿಗಲಿಲ್ಲ ಎಂದು ಜಗಳ ತೆಗೆಯುತ್ತದೆ. ಕೂಗುವ ಕೂಸಿಗೆ ಔಷಧ ಉಂಟು, ಕೂಗದ ಕೂಸಿಗೆ ಏನು ಮಾಡುವುದು? ಪಂಚಾಂಗ ಬದಲಿಸಿದಳು. ಇಪ್ಪತ್ತೇಳು ವರ್ಷದ ಹಿಂದಿನ ಗಣಿತದ ಸೂತ್ರಗಳನ್ನೇ ಹುಡುಕಿ ತಂದು ಕಟ್ಟಿದಳು. ಖಾಲಿ ಕೋಣೆ ಎಂದು ಕಚೇರಿಯಲ್ಲೊಂದು ಪರೀಕ್ಷೆಯ ಅತಿಥಿ ಇತ್ತು, ಅದರಲ್ಲಿ ಹನ್ನೊಂದು ಸಲ ಬಿಟ್ಟು ನೋಡಿದಳು. ಹನ್ನೊಂದು ಸಲವೂ ಅದೇ ಮೌನ.

ಅಷ್ಟರಲ್ಲಿ ಹಿರೇಬಾವಡಿಯಲ್ಲಿ ವಾಲ್ವುಗಳು ಹಳೆಯ ಯಂತ್ರದ ಕೊನೆಯ ಆಜ್ಞೆಯ ಮೇಲೇ ನಿಂತಿದ್ದವು. ಮೂರನೆಯ ಬಾವಿ ದಿನವಿಡೀ ಖಾಲಿಯಾಗುತ್ತಿತ್ತು. ಶನಿವಾರ ಸಂಜೆ ಐದರೊಳಗೆ ಹೊಸ ಕೋಣೆಯಿಂದ ಆಜ್ಞೆ ಹೊರಡದಿದ್ದರೆ ಊರಿಗೆ ನದಿಯ ಪೈಪಿನ ನೀರು ಜೋಡಿಸುವುದು, ಬಾವಿಗಳ ಬಾಯಿಗೆ ಜಾಲರಿ ಬಡಿದು ಬೀಗ ಹಾಕುವುದು ಇಲಾಖೆಯ ನಿಯಮ. ಬೀಗ ಬಿದ್ದ ಬಾವಿಯ ಬೀಗ ತೆಗೆದದ್ದನ್ನು ಆ ಸೀಮೆಯಲ್ಲಿ ಯಾರೂ ಕಂಡಿರಲಿಲ್ಲ. ಐದು ಬಾವಿಗಳು ತನ್ನ ಕೈಯಿಂದಲೇ ಮುಚ್ಚಿಹೋಗುತ್ತವಲ್ಲ ಎಂದು ದಾಕ್ಷಾಯಣಿಗೆ ಊಟ ಸೇರದಂತಾಯಿತು.

ಮನೆಯಲ್ಲಿ ಇನ್ನೊಂದು ಗಂಟು ಸಿದ್ಧವಾಗುತ್ತಿತ್ತು. ಮಗಳು ಇಂಚರಾ ಬಾಣಂತನ ಮುಗಿಸಿ, ಮೂರು ತಿಂಗಳ ಕೂಸಿನೊಂದಿಗೆ ಭಾನುವಾರ ಸೊಲ್ಲಾಪುರಕ್ಕೆ ಗಂಡನ ಮನೆಗೆ ಹೊರಡುವವಳಿದ್ದಳು. ಆ ಮನೆಯಲ್ಲಿ ಅತ್ತೆ ತೀರಿಕೊಂಡಿದ್ದರು. ಗಂಡ ಮತ್ತು ಮಾವ ಇಬ್ಬರೇ. ಹೀಗಾಗಿ ದಾಕ್ಷಾಯಣಿಯ ಅತ್ತೆ ಕಾಶವ್ವ ನಡುಮನೆಯ ತುಂಬ ಹರವಿಕೊಂಡು ಕೂತಿದ್ದರು. ಬಾಣಂತಿಗೆ ಅಂಟಿನುಂಡಿ ಒಂದು ಡಬ್ಬಿ, ಶೇಂಗಾ ಹಿಂಡಿ ಒಂದು ಡಬ್ಬಿ, ಹೊದಿಸಲು ಎರಡು ಕೌದಿ, ಕೂಸಿನ ತಲೆಗೆ ನಾಲ್ಕು ಕುಲಾಯಿ, ಎಣ್ಣೆಯ ಸೀಸೆ. ಕಾಶವ್ವನಿಗೆ ಎಂಬತ್ತು ತುಂಬಿತ್ತು. ಸೊಸೆ ಕಚೇರಿಯಲ್ಲಿ ಗಂಟು ಕಟ್ಟುತ್ತಾಳೆ ಎಂದರೆ ಅವರಿಗೆ ಮೊದಲಿನಿಂದಲೂ ನಗು. ಗಂಟು ಕಟ್ಟುವುದಕ್ಕೂ ಸರಕಾರ ನೌಕರಿ ಕೊಡುತ್ತದೆಯೇ, ಹಾಗಿದ್ದರೆ ತಾವೂ ಅರ್ಜಿ ಹಾಕುತ್ತಿದ್ದೆವಲ್ಲ ಎನ್ನುತ್ತಿದ್ದರು.

ಬುಧವಾರ ಸಂಜೆ ದಾಕ್ಷಾಯಣಿ ಮನೆಗೆ ಬಂದಾಗ ಕಾಶವ್ವ ಬಜೆಯ ಬೇರನ್ನು ಚಿಂದಿಯಲ್ಲಿ ಸುತ್ತಿ ಗಂಟಿಗೆ ಸೇರಿಸಿ, ಗಂಟನ್ನು ಕಟ್ಟದೆ ಹಾಗೇ ನೋಡುತ್ತ ಕೂತಿದ್ದರು. ಇನ್ನೇನು ಉಳಿಯಿತು ಎಂದು ಸೊಸೆ ಕೇಳಿದಳು.

“ಎಣ್ಣಿ ಅದ, ಅರಿಷಿಣ ಅದ, ಬಜಿ ಅದ. ಎಲ್ಲಾ ಕಟ್ಟೀನಿ,” ಎಂದರು ಕಾಶವ್ವ. “ಕೂಸಿನ್ನ ಕಾಲಮ್ಯಾಗ ಹಾಕ್ಕೊಂಡು ಎರಿಯೂ ಕೈ ಇದರಾಗ ಹೆಂಗ ಕಟ್ಲಿ?”

ಮೂರು ತಿಂಗಳಿಂದ ದಿನಾ ಬೆಳಿಗ್ಗೆ ಬಚ್ಚಲಲ್ಲಿ ಕಾಲು ಚಾಚಿ ಕೂತು, ಕೂಸನ್ನು ಮೊಣಕಾಲ ಮೇಲೆ ಬೋರಲು ಹಾಕಿಕೊಂಡು, ಬಿಸಿನೀರಿನ ಹದವನ್ನು ಮೊಣಕೈಯಲ್ಲಿ ನೋಡಿ ಎರೆಯುತ್ತಿದ್ದವರು ಅವರೇ. ಅವರು ಎರೆದರೆ ಕೂಸು ಮಧ್ಯಾಹ್ನದವರೆಗೆ ನಿದ್ದೆ. ಇಂಚರಾ ಎರೆದ ಎರಡು ದಿನವೂ ಕೂಸು ಓಣಿಗೆ ಕೇಳುವಂತೆ ಅತ್ತಿತ್ತು. ದಾಕ್ಷಾಯಣಿ ಅತ್ತೆಗೆ ಸಮಾಧಾನ ಹೇಳಲು ಬಾಯಿ ತೆರೆದವಳು ಹಾಗೇ ನಿಂತಳು. ಮೂರು ದಿನದಿಂದ ತಾನು ಗಂಟಿನಲ್ಲಿ ಯಾವ ವಸ್ತು ಕಡಿಮೆ ಬಿತ್ತು ಎಂದೇ ಹುಡುಕುತ್ತಿದ್ದೇನೆ. ಕಡಿಮೆ ಬಿದ್ದದ್ದು ವಸ್ತುವೇ ಅಲ್ಲದಿದ್ದರೆ?

ಅವಳು ಹಳೆಯ ಪೆಟ್ಟಿಗೆ ತೆಗೆದಳು. ಐದುಬಾವಿಯನ್ನು ಬರೆದ ಮೂಲ ಪಠ್ಯ ಅದರಲ್ಲೊಂದು ಚಿಪ್ಪಿನಲ್ಲಿತ್ತು. ಇಷ್ಟು ದಿನ ಅದನ್ನು ತೆಗೆದು ನೋಡಿರಲಿಲ್ಲ. ತಾನೇ ಬರೆದದ್ದು, ಬಾಯಿಪಾಠ ಇದೆ ಎಂಬ ಸೊಕ್ಕು. ಅಡುಗೆಮನೆಯ ಕಟ್ಟೆಯ ಮೇಲೆ ಪರದೆ ಇಟ್ಟುಕೊಂಡು ಸಾಲು ಸಾಲಾಗಿ ಓದುತ್ತ ಹೋದಳು. ನೂರಾ ನಲವತ್ತನೆಯ ಸಾಲಿನ ಹತ್ತಿರ ಟೂಲು ಹೊರಗಿನವರನ್ನು ಒಂದು ಪ್ರಶ್ನೆ ಕೇಳುತ್ತಿತ್ತು: ಒಂದನೆಯ ಬಾವಿ, ಉಪ್ಪು ಎಷ್ಟು? ಹಾಗೇ ಐದು ಬಾವಿಗೂ. ಪ್ರಶ್ನೆಯ ಪಕ್ಕದಲ್ಲಿ, ಯಂತ್ರ ಓದದ, ಬರೆದವರು ತಮಗಾಗಿ ಬರೆದುಕೊಳ್ಳುವ ಟಿಪ್ಪಣಿಯಲ್ಲಿ ಅವಳದೇ ಮಾತಿತ್ತು: ಉಪ್ಪಿನ ಮೀಟರ್ ಬಂದ ಮೇಲೆ ಇದನ್ನು ಮುಂದಿನ ವಾರ ತೆಗೆಯಬೇಕು.

ದಾಕ್ಷಾಯಣಿಗೆ ನಾಚಿಕೆಯಾಯಿತು. ಮೀಟರ್ ಆ ಮುಂದಿನ ವಾರ ಬರಲಿಲ್ಲ, ಆಮೇಲೂ ಬರಲಿಲ್ಲ. ಅವಳು ಬೇರೆ ಗಂಟಿಗೆ ಕೈ ಹಾಕಿ ಇದನ್ನು ಮರೆತಳು. ಟೂಲು ಮರೆಯಲಿಲ್ಲ. ಹೊಸ ಪದ್ಧತಿಯ ಪ್ರಕಾರ ಅತಿಥಿಯ ಮುಂದೆ ಮನುಷ್ಯರು ಕೂತಿರುವುದಿಲ್ಲ, ಆದ್ದರಿಂದ ಗಂಟಿನ ಹೊದಿಕೆ ಎಲ್ಲ ಪ್ರಶ್ನೆಗಳ ಬಾಯಿ ಮುಚ್ಚುತ್ತದೆ. ಒಳಗೆ ಐದುಬಾವಿ ಹನ್ನೊಂದು ಸಲವೂ ಉಪ್ಪು ಎಷ್ಟು ಎಂದು ಕೇಳಿ, ಉತ್ತರಕ್ಕೆ ಕಾದು ಕೂತಿತ್ತು. ಹಾಗಾದರೆ ಇಪ್ಪತ್ತೇಳು ವರ್ಷ ಅದಕ್ಕೆ ಉತ್ತರ ಕೊಟ್ಟವರು ಯಾರು?

ಯಾರಾದರೇನು, ಈಗ ಕಚೇರಿಯಲ್ಲೇ ಮೀಟರ್ ಇದೆಯಲ್ಲ ಎಂದುಕೊಂಡು ಗುರುವಾರ ಬೆಳಿಗ್ಗೆ ಹಿರೇಬಾವಡಿಯಿಂದ ಐದು ಬಾವಿಯ ನೀರು ತರಿಸಿ, ಮೀಟರ್ ಅದ್ದಿ, ಅದರ ಅಂಕಿಗಳನ್ನೇ ಉತ್ತರವಾಗಿ ಕೊಟ್ಟಳು. ಐದುಬಾವಿ ಎದ್ದು ಕೂತಿತು. ಎದ್ದದ್ದೇ, ನಾಲ್ಕು ಬಾವಿ ಮುಚ್ಚಿ ಎರಡನೆಯದನ್ನು ಇಪ್ಪತ್ತು ಗಂಟೆ ಎತ್ತಿರಿ ಎಂದಿತು. ಹಾಗೆ ಮಾಡಿದರೆ ನಾಲ್ಕೇ ದಿನದಲ್ಲಿ ಊರ ತುಂಬ ಸವಳು. ಮೀಟರಿನ ಅಂಕಿ ಸಾವಿರದ ಮೇಲಿದ್ದವು. ಹಳೆಯ ಯಂತ್ರದಿಂದ ಜೊತೆಗೇ ಬಂದಿದ್ದ ಟೂಲಿನ ನೆನಪಿನ ಕಡತದಲ್ಲಿ ಇಪ್ಪತ್ತೇಳು ವರ್ಷದ ಉತ್ತರಗಳು ಸೊನ್ನೆಯಿಂದ ಹತ್ತರೊಳಗೆ. ಅವಳು ಸಾವಿರವನ್ನು ಹತ್ತಕ್ಕೆ ಇಳಿಸುವ ಸೂತ್ರ ಹಾಕಿ ನೋಡಿದಳು, ಹೊಂದಲಿಲ್ಲ. ಆ ಹಳೆಯ ಉತ್ತರಗಳಿಗೆ ತಮ್ಮದೇ ಒಂದು ಹದವಿತ್ತು. ಮಳೆಯಾದ ಮರುದಿನದ ಮೂರಕ್ಕೂ ಬೇಸಿಗೆಯ ಮೂರಕ್ಕೂ ವ್ಯತ್ಯಾಸವಿತ್ತು, ಟೂಲು ಅದನ್ನೆಲ್ಲ ಕಲಿತು ತನ್ನ ತೀರ್ಮಾನಗಳನ್ನು ಅದರ ಸುತ್ತಲೇ ಹೆಣೆದುಕೊಂಡಿತ್ತು.

ಕಡತ ನೋಡುತ್ತ ನೋಡುತ್ತ ಅವಳಿಗೆ ಇನ್ನೊಂದು ವಿಚಿತ್ರ ಕಂಡಿತು. ಪ್ರತಿ ವರ್ಷ ಒಂದು ತಿಂಗಳು ಎಲ್ಲ ಬಾವಿಗಳ ಉಪ್ಪೂ ಸರಿಯಾಗಿ ಒಂದು ಅಂಕಿ ಏರುತ್ತಿತ್ತು, ತಿಂಗಳು ಮುಗಿದ ಮರುದಿನ ಇಳಿಯುತ್ತಿತ್ತು. ಮಳೆಗೆ, ಬಿಸಿಲಿಗೆ ಸಂಬಂಧವೇ ಇಲ್ಲ. ಆ ತಿಂಗಳು ವರ್ಷದಿಂದ ವರ್ಷಕ್ಕೆ ಹನ್ನೊಂದು ದಿನ ಹಿಂದೆ ಸರಿಯುತ್ತಿತ್ತು. ನೆಲದೊಳಗಿನ ನೀರು ಹೀಗೆ ನಡೆದುಕೊಂಡದ್ದನ್ನು ಅವಳು ಎಲ್ಲೂ ಓದಿರಲಿಲ್ಲ. ಶುಕ್ರವಾರ ಬೆಳಿಗ್ಗೆ ಮೊದಲ ಬಸ್ಸಿಗೆ ಹಿರೇಬಾವಡಿಗೆ ಹೊರಟಳು.

ಪುರಸಭೆಯವರು ಮೂರನೆಯ ಬಾವಿಯ ಪಕ್ಕದ ಮನೆಯೊಂದನ್ನು ತೋರಿಸಿದರು. ಹುಸೇನಸಾಬ ಪಿಂಜಾರ ಅಂಗಳದ ಹೊರಸಿನ ಮೇಲೆ ಕೂತು ಪೇಪರ್ ಓದುತ್ತಿದ್ದ. ವಯಸ್ಸು ಅರವತ್ತೈದರ ಮೇಲೆ. ವಾಲ್ವು ತಿರುವುವ ಕೆಲಸಕ್ಕೆ ಸೇರಿದವನು, ವಾಲ್ವುಗಳು ತಾವೇ ತಿರುಗತೊಡಗಿದ ಮೇಲೆ ಕೋಣೆಯ ಬೀಗ ಕಾಯಲು ಉಳಿದವನು. ಹೋದ ಶನಿವಾರ ಯಂತ್ರ ಇಲ್ಲಿಂದ ಹೊರಟಿತು, ಕೀಲಿಮಣೆ ಕಿತ್ತಾಯಿತು, ಇನ್ನು ನೀನು ಮನೆಯಲ್ಲಿರು ಎಂದು ಹೇಳಿ ಶಾಲು ಹೊದಿಸಿ ಕಳಿಸಿದ್ದರು. ಅವನು ದಾಕ್ಷಾಯಣಿಯನ್ನು ನೋಡಿದ ಕೂಡಲೇ ಗುರುತು ಹಿಡಿದ. ಅವಳಿಗೆ ಅವನ ಗುರುತು ಹತ್ತಲಿಲ್ಲ, ಅದಕ್ಕೂ ನಾಚಿಕೆಯಾಯಿತು. ಯಂತ್ರಕ್ಕೆ ದಿನಾ ಉಪ್ಪಿನ ಅಳತೆ ಕೊಡುತ್ತಿದ್ದವರು ಯಾರು ಎಂದು ಕೇಳಿದಳು.

“ನಾನ ರೀ ಬಾಯಾರ,” ಎಂದ ಹುಸೇನಸಾಬ, ಇದೇನು ಕೇಳುವ ಮಾತೇ ಎಂಬಂತೆ. “ಯಂತ್ರ ಏನರ ಕೇಳಿದ್ರ ಹೇಳ್ರಿ, ಮುಂದಿನ ವಾರ ಮೀಟರ್ ಬರ್ತದ ಅಂದಿದ್ರಿ. ಮೀಟರ್ ಬರಲಿಲ್ಲ. ಅದು ಕೇಳೂದು ಬಿಡಲಿಲ್ಲ. ಕೇಳಿದವ್ರಿಗೆ ಉತ್ತರಾ ಕೊಡದ ಹೆಂಗ ಇರೂದು?”

ಹೀಗೆ ಅವನು ಇಪ್ಪತ್ತೇಳು ವರ್ಷ ದಿನಾ ಬೆಳಿಗ್ಗೆ ಐದು ಬಾವಿಯ ಮೆಟ್ಟಿಲಿಳಿದು, ಬೊಗಸೆಯಲ್ಲಿ ನೀರು ಹಿಡಿದು, ಬಾಯಲ್ಲಿ ಆಡಿಸಿ, ಯಂತ್ರದ ಮುಂದೆ ಬಂದು ಐದು ಅಂಕಿ ಒತ್ತುತ್ತಿದ್ದ. ಅಳತೆಯನ್ನೂ ಅವನೇ ಗೊತ್ತುಮಾಡಿಕೊಂಡಿದ್ದ. ಸೊನ್ನೆ ಎಂದರೆ ಮಳೆನೀರು, ಹತ್ತು ಎಂದರೆ ಬೆವರು. ಇದನ್ನು ಯಾರಿಗೂ ಹೇಳಿರಲಿಲ್ಲವೇ ಎಂದರೆ, ಯಾರೂ ಕೇಳಿರಲಿಲ್ಲ ಎಂದ. ಕೇಳಿದ್ದು ಯಂತ್ರ ಒಂದೇ. ದಾಕ್ಷಾಯಣಿ ಅವನ ಅಂಗಳದ ಹೊರಸಿನ ತುದಿಗೆ ಕೂತುಬಿಟ್ಟಳು. ತನ್ನ ಟೂಲಿನ ಹೊಗಳಿಕೆಯನ್ನೆಲ್ಲ ಇಷ್ಟು ವರ್ಷ ಒಬ್ಬಳೇ ಉಂಡಿದ್ದಳು, ಅರ್ಧ ಪಾಲು ಈ ಮನುಷ್ಯನ ನಾಲಗೆಗೆ ಸೇರಬೇಕಿತ್ತು.

ಆಮೇಲೆ ಅವಳು ಆ ಸರಿಯುವ ತಿಂಗಳಿನ ಮಾತೆತ್ತಿದಳು. ಈ ವರ್ಷ ಯಾವಾಗ ಬಂದಿತ್ತು, ಹೋದ ವರ್ಷ ಯಾವಾಗ ಎಂದು ಹೇಳುವಷ್ಟರಲ್ಲಿ ಹುಸೇನಸಾಬ ನಗತೊಡಗಿದ. ಅದು ರಮಜಾನ್. ಬೆಳಗಾದ ಮೇಲೆ ನೀರು ಬಾಯಿಗೆ ಹಾಕುವಂತಿಲ್ಲ. ಉಗುಳಿದರೆ ನಡೆಯುತ್ತದೆ ಎಂದು ಕೆಲವರು ಹೇಳಿದರೂ ಅವನ ಮನಸ್ಸು ಒಪ್ಪಲಿಲ್ಲ. ಅದಕ್ಕೇ ಆ ಒಂದು ತಿಂಗಳು ಪಕ್ಕದ ಮನೆಯ ನಿಂಗವ್ವ ಹೂಗಾರ ರುಚಿ ನೋಡುತ್ತಿದ್ದಳು, ಅವನು ಅಂಕಿ ಒತ್ತುತ್ತಿದ್ದ. ಕರೆದ ಕೂಡಲೇ ನಿಂಗವ್ವ ಹೂ ಕಟ್ಟುವ ನಾರನ್ನು ಕೈಯಲ್ಲಿ ಹಿಡಿದುಕೊಂಡೇ ಬಂದಳು. ಅವನಿಗಿಂತ ಹತ್ತು ವರ್ಷಕ್ಕೆ ಚಿಕ್ಕವಳು. ಒಂದು ಅಂಕಿ ಯಾಕೆ ಹೆಚ್ಚು ಎಂಬುದಕ್ಕೆ ಅವಳ ಹತ್ತಿರ ಉತ್ತರ ಸಿದ್ಧವಿತ್ತು.

“ನಾ ಸಪ್ಪನ್ನ ಊಟದಾಕಿ ರೀ,” ಎಂದಳು. “ಇವರ ಮನಿ ಸಾರು ಕಡಲ ಇದ್ದಂಗ. ನನಗ ನಾಕು ಹತ್ತಿದ್ದು ಇವರಿಗೆ ಮೂರು ಹತ್ತೂದ.”

ದಾಕ್ಷಾಯಣಿ ಆ ದಿನ ಸಂಜೆಯ ಬಸ್ಸಿನಲ್ಲಿ ವಾಪಸ್ ಬರುತ್ತ ತೊಡೆಯ ಮೇಲೆ ಪರದೆ ಇಟ್ಟುಕೊಂಡು ಗಂಟಿನ ಪಟ್ಟಿಯನ್ನು ಹೊಸದಾಗಿ ಬರೆದಳು. ಪ್ರತಿ ಗಂಟಿಗೂ ಒಂದು ಪಟ್ಟಿ ಇರಬೇಕು. ಏನೇನು ಕಟ್ಟಿದೆ, ಹೊರಗಿನ ಯಾವ ಯಾವ ಸಾಧನ ಬೇಕು, ಒಂದು ಕೆಟ್ಟರೆ ಬದಲಿ ಯಾವುದು, ಯಾವಾಗ ಬದಲಿಸಬೇಕು. ಹೊರಗಿನ ಸಾಧನ ಎಂಬ ಕಾಲಮ್ಮಿನಲ್ಲಿ ಐದು ವಾಲ್ವು, ಒಂದು ಕೀಲಿಮಣೆ ಎಂದು ಬರೆದಳು. ಅದರ ಕೆಳಗೆ ಹುಸೇನಸಾಬ ಪಿಂಜಾರ, ಮೂರನೆಯ ಬಾವಿಯ ಪಕ್ಕ, ದಿನಾ ಬೆಳಿಗ್ಗೆ ಆರಕ್ಕೆ. ಬದಲಿ: ನಿಂಗವ್ವ ಹೂಗಾರ. ಹೊದಿಕೆ ಮುಚ್ಚಿದ್ದ ಪ್ರಶ್ನೆಗಳ ಬಾಯನ್ನು ಆ ಕೀಲಿಮಣೆಯ ಕಡೆಗೆ ತೆರೆದಿಟ್ಟಳು. ಟೂಲಿನ ಪಠ್ಯದಲ್ಲಿ ಸಾಲುಗಳನ್ನು ಸೇರಿಸಿದ್ದು ಒಂದೇ ಕಡೆ. ರುಚಿ ನೋಡಿದವರು ಯಾರು ಎಂದು ಮೊದಲು ಕೇಳು. ನಿಂಗವ್ವ ಎಂದರೆ ಉತ್ತರದಲ್ಲಿ ಒಂದು ಕಳೆ.

ಅದಕ್ಕೆ ಸಹಿ ಹಾಕಬೇಕಾದವರು ತಪಾಸಣಾಧಿಕಾರಿ ಪದ್ಮಾಕರ ದೇಸಾಯರು. ದೇಸಾಯರು ಕೆಟ್ಟವರಲ್ಲ, ಆದರೆ ನಿಯಮದ ಪುಸ್ತಕ ಇಲ್ಲದೆ ಚಹಾ ಕೂಡ ಕುಡಿಯುವುದಿಲ್ಲ ಎಂದು ಕಚೇರಿಯಲ್ಲಿ ಹೇಳುತ್ತಿದ್ದರು. ಶನಿವಾರ ಬೆಳಿಗ್ಗೆ ಪಟ್ಟಿಯನ್ನು ಎರಡು ಸಲ ಓದಿ, ಕನ್ನಡಕ ತೆಗೆದು ಒರೆಸಿ, ಮತ್ತೊಮ್ಮೆ ಓದಿದರು.

“ಮೇಡಮ್, ಇವು ಮನುಷ್ಯಾರ ಹೆಸರು,” ಎಂದರು.

ಹೌದೆಂದಳು ದಾಕ್ಷಾಯಣಿ. ನಿಯಮದಲ್ಲಿ ಸಾಧನ ಎಂದರೆ ಏನೆಂದು ಬರೆದಿದೆ, ದಯವಿಟ್ಟು ಓದಿ ಎಂದಳು. ದೇಸಾಯರು ಓದಿದರು: ಅತಿಥಿಯ ಹೊರಗಿದ್ದು, ಗೊತ್ತುಪಡಿಸಿದ ಹೊತ್ತಿಗೆ, ನಂಬಬಹುದಾದ ಅಳತೆಯನ್ನು ಕೊಡುವಂಥದ್ದು. ಕಬ್ಬಿಣದ್ದೇ ಇರಬೇಕು, ತಾಮ್ರದ್ದೇ ಇರಬೇಕು ಎಂದು ಎಲ್ಲಿಯೂ ಇರಲಿಲ್ಲ. ದೇಸಾಯರಿಗೆ ನಿಯಮದ ಮೇಲೆ ಎಷ್ಟು ಪ್ರೀತಿಯೆಂದರೆ, ಅದು ತಮ್ಮ ವಿರುದ್ಧ ಹೋದರೂ ಅವರು ಅದರ ಕೈಬಿಡುವವರಲ್ಲ. ನಂಬಬಹುದಾದ ಅಳತೆಯೋ ಅಲ್ಲವೋ ನೋಡೇಬಿಡೋಣ ಎಂದು ಜೀಪು ತರಿಸಿದರು. ಇಪ್ಪತ್ತೇಳು ವರ್ಷದ ಕಡತ ಒಂದು, ಇವತ್ತಿನ ನಾಲಗೆ ಇನ್ನೊಂದು. ಮುದುಕನಿಗೆ ನೆಗಡಿಯಾಗಿದ್ದರೆ ಏನು ಗತಿ ಎಂದು ದಾಕ್ಷಾಯಣಿ ದಾರಿಯುದ್ದಕ್ಕೂ ಯೋಚಿಸುತ್ತಿದ್ದಳು.

ಹಿರೇಬಾವಡಿಯ ಪುರಸಭೆಯ ಕೋಣೆಯಲ್ಲಿ ದೇಸಾಯರು ಮೇಜಿನ ಮೇಲೆ ಆರು ಸ್ಟೀಲ್ ಲೋಟ ಇಡಿಸಿದರು. ಯಾವ ಲೋಟದಲ್ಲಿ ಯಾವ ನೀರು ಎಂಬುದು ಅವರೊಬ್ಬರಿಗೇ ಗೊತ್ತು. ಮೊದಲು ಹುಸೇನಸಾಬನನ್ನು ಒಳಗೆ ಕರೆದರು, ಅವನು ಹೋದ ಮೇಲೆ ನಿಂಗವ್ವನನ್ನು. ಅವನು ಬಾಯಿ ಮುಕ್ಕಳಿಸಿ, ಒಂದೊಂದು ಗುಟುಕು ಹಿಡಿದು, ಕಣ್ಣು ಮುಚ್ಚಿ ಅಂಕಿ ಹೇಳಿದ. ಮೂರು, ಎರಡು, ಐದು, ಎರಡು, ನಾಲ್ಕು. ಅವಳು ನಿಂತಲ್ಲೇ ಗಟಗಟ ಕುಡಿದು ಹೇಳಿದಳು. ನಾಲ್ಕು, ಮೂರು, ಆರು, ಮೂರು, ಐದು. ದೇಸಾಯರು ಎರಡೂ ಸಾಲನ್ನು ಪಕ್ಕಪಕ್ಕ ಬರೆದು ಒಂದರಿಂದ ಒಂದು ಕಳೆದು ನೋಡಿದರು. ಮೂರನೆಯ ಬಾವಿಯದು ಐದಕ್ಕೆ ಏರಿತ್ತು. ಒಂದೇ ವಾರದಲ್ಲಿ ಅಷ್ಟು ಉಪ್ಪು ಏರಿದ್ದನ್ನು, ಆ ಅಂಕಿ ಹೇಳುವಾಗ ಹುಸೇನಸಾಬನ ಮುಖವೇ ತೋರಿಸಿತ್ತು.

ಆರನೆಯ ಲೋಟಕ್ಕೆ ಅವನು ಅಂಕಿ ಕೊಟ್ಟಿರಲಿಲ್ಲ. ಯಾಕೆಂದು ದೇಸಾಯರು ಅವನನ್ನು ಮತ್ತೆ ಕರೆದು ಕೇಳಿದರು.

“ಇದು ನಮ್ಮೂರಿಂದಲ್ರಿ ಸಾಹೇಬ್ರ,” ಎಂದ ಹುಸೇನಸಾಬ. “ಬಾಟ್ಲಿ ವಾಸನಿ ಅದ. ನೀವು ಮನಿಯಿಂದ ತಂದದ್ದ.”

ನಿಂಗವ್ವ ಆ ಲೋಟವನ್ನು ಮೂಸಿ ನೋಡಿ ಹಾಗೇ ಇಟ್ಟುಬಿಟ್ಟಿದ್ದಳು. ದೇಸಾಯರ ಮುಖದಲ್ಲಿ ಅಷ್ಟು ಅಗಲದ ನಗುವನ್ನು ದಾಕ್ಷಾಯಣಿ ಮೊದಲ ಸಲ ನೋಡಿದಳು. ಪಟ್ಟಿಯಲ್ಲಿ ಇನ್ನೊಂದು ಕಾಲಮ್ ಖಾಲಿ ಇದೆಯಲ್ಲ, ಈ ಸಾಧನವನ್ನು ಬದಲಿಸುವ ದಿನಾಂಕ ಯಾವುದು ಎಂದು ಅವರು ಕೇಳಿದರು. ವಾಲ್ವಿಗೆ ಹತ್ತು ವರ್ಷ, ಕೀಲಿಮಣೆಗೆ ಐದು. ದಾಕ್ಷಾಯಣಿ ಹುಸೇನಸಾಬನ ಕಡೆ ನೋಡಿದಳು, ಅವನು ಕಿಟಕಿಯ ಕಡೆ ನೋಡಿದ. ಅವಳು ಬರೆದಳು: ಅವರಿಗೆ ಸಾಕೆನಿಸಿದಾಗ. ದೇಸಾಯರು ಅದರ ಕೆಳಗೆ ಸಹಿ ಹಾಕಿ, ಪುಸ್ತಕ ಮುಚ್ಚಿ, ನಿಂಗವ್ವ ತಂದ ಚಹಾ ಕುಡಿದರು.

ಕಿತ್ತ ಕೀಲಿಮಣೆಯನ್ನು ಮತ್ತೆ ಕೂಡಿಸಿ, ವಿಜಯಪುರದ ತಂತಿಗೆ ಜೋಡಿಸಿದ್ದು ನಾಲ್ಕು ಗಂಟೆಗೆ. ದೇಸಾಯರು ಫೋನಿನಲ್ಲಿ ಹೇಳಿದ ಮೇಲೆ ಕಚೇರಿಯವರು ಗಂಟನ್ನು ಹೊಸ ಕೋಣೆಗೆ ಬಿಟ್ಟಿದ್ದರು, ಆದರೆ ಬೆಳಿಗ್ಗೆ ಆರು ತಪ್ಪಿದ್ದರಿಂದ ಟೂಲನ್ನು ಕೈಯಿಂದಲೇ ಎಬ್ಬಿಸಬೇಕಾಯಿತು. ಎಪ್ಪತ್ತು ಕಿಲೋಮೀಟರ್ ದೂರದ ಮುಚ್ಚಿದ ಕೋಣೆಯಿಂದ ಪರದೆಯ ಮೇಲೆ ಸಾಲು ಮೂಡಿತು: ರುಚಿ ನೋಡಿದವರು ಯಾರು? ಹುಸೇನಸಾಬ ತನ್ನ ಹೆಸರನ್ನು ಒಂದೊಂದೇ ಅಕ್ಷರ ಹುಡುಕಿ ಒತ್ತಿದ. ಇಷ್ಟು ವರ್ಷದಲ್ಲಿ ಯಂತ್ರ ಅವನ ಹೆಸರು ಕೇಳಿದ್ದು ಅದೇ ಮೊದಲು. ಆಮೇಲೆ ಐದು ಅಂಕಿ. ಒಂದು ಕ್ಷಣ ಏನೂ ಆಗಲಿಲ್ಲ. ಮರುಕ್ಷಣ ಅಂಗಳದಾಚೆ ಮೂರನೆಯ ಬಾವಿಯ ವಾಲ್ವು ಕಿರುಗುಟ್ಟಿ ಮುಚ್ಚಿತು, ಒಂದನೆಯದು ತೆರೆದುಕೊಂಡಿತು. ಹುಸೇನಸಾಬ ಅಲ್ಲಾನ ಹೆಸರು ಹೇಳಿದ, ನಿಂಗವ್ವ ಕೈಯಲ್ಲಿದ್ದ ಮಲ್ಲಿಗೆಯ ಮಾಲೆಯನ್ನು ಕೀಲಿಮಣೆಗೆ ಹಾಕಲು ಹೋದಳು, ದೇಸಾಯರು ನಿಯಮದಲ್ಲಿ ಇಲ್ಲವೆಂದು ತಡೆದರು. ದಾಕ್ಷಾಯಣಿಗೆ ಕಣ್ಣು ತುಂಬಿ ಬಂತು, ಅದನ್ನು ಅವಳು ಮರೆಮಾಡಲೂ ಇಲ್ಲ.

ಭಾನುವಾರ ಬೆಳಿಗ್ಗೆ ಅಳಿಯ ಗಾಡಿ ತಂದ. ಸಾಮಾನು ಏರಿಸಿ ನೋಡಿದರೆ ಹಿಂದಿನ ಸೀಟಿನಲ್ಲಿ ಕಾಶವ್ವ ಮೊದಲೇ ಹೋಗಿ ಕೂತಿದ್ದರು. ತೊಡೆಯ ಮೇಲೆ ತಮ್ಮ ಎರಡು ಸೀರೆಯ ಸಣ್ಣ ಗಂಟು. ಎರಡು ತಿಂಗಳು ಅಲ್ಲಿದ್ದು ಇಂಚರಾಳಿಗೂ ಅವಳ ಗಂಡನಿಗೂ ಎರೆಯುವುದನ್ನು ಕಲಿಸಿ ಬರುತ್ತೇನೆ ಎಂದರು. ಗಂಡಸರಿಗೆ ಇದು ಕೈಹಿಡಿಯುತ್ತದೆಯೇ ಎಂದು ದಾಕ್ಷಾಯಣಿಯ ಗಂಡ ಹೊಸ್ತಿಲಲ್ಲಿ ನಿಂತು ಕೇಳಿದ್ದಕ್ಕೆ, ಕಾಲು ಎರಡು ಇದ್ದರೆ ಸಾಕು ಎಂದರು. ಎಂಬತ್ತರ ವಯಸ್ಸಿನಲ್ಲಿ ಯಾಕೆ ತ್ರಾಸು ಎಂದು ದಾಕ್ಷಾಯಣಿ ಮಾತಿಗೆ ಹೇಳಿದಳೇ ಹೊರತು, ಮನಸ್ಸಿನಲ್ಲಿ ಅವಳಿಗೆ ಎಷ್ಟೋ ಹಗುರವಾಗಿತ್ತು.

ಸೋಮವಾರ ಬೆಳಿಗ್ಗೆ ಆರಕ್ಕೆ ಮೊದಲೇ ಅವಳು ಕಚೇರಿಗೆ ಬಂದು ಕೂತಳು. ಬರಬೇಕಾದ ಅಗತ್ಯವೇನೂ ಇರಲಿಲ್ಲ. ಆರಕ್ಕೆ ಐದುಬಾವಿ ಎದ್ದು ತನ್ನ ಪ್ರಶ್ನೆ ಕೇಳಿತು. ಎರಡು ನಿಮಿಷದ ಮೇಲೆ ಹಿರೇಬಾವಡಿಯಿಂದ ಉತ್ತರ ಬಂತು. ಮೂರು, ಎರಡು, ನಾಲ್ಕು, ಎರಡು, ನಾಲ್ಕು. ಮೂರನೆಯ ಬಾವಿ ಆಗಲೇ ಒಂದು ಅಂಕಿ ಇಳಿದಿತ್ತು. ಒಂಬತ್ತರ ಹೊತ್ತಿಗೆ ಸೊಲ್ಲಾಪುರದಿಂದ ಇಂಚರಾ ಫೋನು ಮಾಡಿ, ಕೂಸು ಎರೆಸಿಕೊಂಡು ಮಲಗಿದೆ, ನಿನ್ನ ಅಳಿಯನ ಪಂಚೆ ಪೂರ್ತಿ ತೊಯ್ದಿದೆ ಎಂದು ನಗುತ್ತ ಹೇಳಿದಳು.

ಫೋನಿಟ್ಟ ಮೇಲೆ ದಾಕ್ಷಾಯಣಿ ಮೂಲ ಪಠ್ಯವನ್ನು ತೆರೆದು ನೂರಾ ನಲವತ್ತನೆಯ ಸಾಲಿಗೆ ಹೋದಳು. ಇಪ್ಪತ್ತೇಳು ವರ್ಷದಿಂದ ಬಾಕಿ ಉಳಿದ ಕೆಲಸ ಅಲ್ಲಿ ಹಾಗೇ ಇತ್ತು: ಮುಂದಿನ ವಾರ ತೆಗೆಯಬೇಕು. ಆ ಟಿಪ್ಪಣಿಯನ್ನು ಅಳಿಸಿದಳು. ಪ್ರಶ್ನೆಯನ್ನು ಇದ್ದಲ್ಲೇ ಬಿಟ್ಟಳು.